ತುಂಬಿದ ಡಿಸ್ಕು, ಮುಳುಗಿದ ಹೊಳೆಗೇರಿ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಇದು ನಗಿಸುವ ಕಥೆಯಲ್ಲ.

ಒಂದು ರಾಜ್ಯದಲ್ಲಿ ಹೊನ್ನಲದೇವಿ ಅಂತ ಒಬ್ಬ ರಾಣಿಯಿದ್ದಳು. ಅವಳ ರಾಜ್ಯದಲ್ಲಿ ಊರಿಗೊಂದು ಕಂಪ್ಯೂಟರು. ಎಲ್ಲಕ್ಕೂ ಅರಮನೆಯಿಂದ ತಂತಿ ಎಳೆದಿದ್ದರು. ಯಾರು ಏನು ಬರೆದರೂ ಅರಮನೆಯ ಒಂದೇ ಡಿಸ್ಕಿನಲ್ಲಿ ಕೂರಬೇಕು, ಮಿಕ್ಕವರು ಅಲ್ಲಿಂದಲೇ ಓದಬೇಕು. ಆ ಡಿಸ್ಕನ್ನು ನೋಡಿಕೊಳ್ಳುವವಳು ದ್ಯಾವಕ್ಕ.

ಆ ನಾಡಿನಲ್ಲೊಂದು ಪದ್ಧತಿ. ಆ ಡಿಸ್ಕಿಗೆ ಹೊಸ ಪ್ಯಾಕೇಜು, ಅಂದರೆ ಕೆಲಸ ಮಾಡಿಕೊಡುವ ತಂತ್ರಾಂಶ, ಹಾಕುವಾಗ ಕುಂಕುಮವಿಟ್ಟು ಕಾಯಿ ಒಡೆಯುತ್ತಿದ್ದರು. ಪೂಜೆಯಾದದ್ದನ್ನು ಅಳಿಸಿದರೆ ಪಾಪ. ತರಿಸಿದವರಿಗೆ ದರ್ಬಾರಿನಲ್ಲಿ ರಾಣಿಯ ಕೈಯಿಂದ ಶಾಲು.

ದಿವಾನ ಭದ್ರಯ್ಯನಿಗೆ ಶಾಲಿನ ಹುಚ್ಚು. ಕಂದಾಯಕ್ಕೆಂದು ಒಂದು ಪ್ಯಾಕೇಜು ತರಿಸಿದ. ಅದು ಒಂಟಿಯಾಗಿ ಬರಲಿಲ್ಲ. ಮದುವೆಗೆ ಬರುವ ನೆಂಟರ ಹಾಗೆ ಇನ್ನಷ್ಟು ಸಣ್ಣ ಪ್ಯಾಕೇಜುಗಳನ್ನು ಕರೆದುಕೊಂಡೇ ಬಂತು. ಸ್ವಲ್ಪ ದಿನಕ್ಕೆ ಅದರದೇ ಹೊಸ ರೂಪ ಬಂತು.

"ಹಳೆಯದನ್ನ ತೆಗೀಲಾ ಬುದ್ಧಿ?" ದ್ಯಾವಕ್ಕ ಕೇಳಿದಳು.

"ಪೂಜೆಯಾದದ್ದು ಕಣಮ್ಮ, ಇರಲಿ."

ಇನ್ನೊಂದು ಬಂತು. "ಜಾಗ ಸಾಲ್ತಿಲ್ಲ ಬುದ್ಧಿ."

"ಇರಲಿ ಅಂದೆನಲ್ಲ."

ಮತ್ತೊಂದು ಬಂತು. "ಒಂದು ಸಾಲು ಬರೆಯೋಕೂ ಜಾಗ ಇಲ್ಲ ಬುದ್ಧಿ."

"ಡಿಸ್ಕು ನಿಮ್ಮಪ್ಪನ ಮನೆಯದಾ? ಸುಮ್ಮನಿರು!"

ಆ ಮಳೆಗಾಲದಲ್ಲಿ ಅಣೆಕಟ್ಟೆಯ ಕಾವಲುಗಾರ, "ನೀರು ಬಿಡ್ತಿದ್ದೀವಿ, ಹೊಳೆಗೇರಿಯವರು ದಿಬ್ಬ ಹತ್ತಿ" ಅಂತ ಬರೆದ. ಅಷ್ಟು ಮಾತು ಕೂರಲಿಕ್ಕೂ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಅಣೆಕಟ್ಟೆಯ ಕೆಳಗೆ ಹೊಳೆದಂಡೆಯಲ್ಲಿದ್ದ ಹೊಳೆಗೇರಿಯವರು ತಮ್ಮ ಕಂಪ್ಯೂಟರು ನೋಡಿದರು. ಏನೂ ಬಂದಿರಲಿಲ್ಲ. ಒಲೆ ಹಚ್ಚಿ ಅಡುಗೆಗೆ ಕೂತರು.

ಹೊಳೆ ಬಂತು. ಯಾರೂ ಉಳಿಯಲಿಲ್ಲ.

ದಿವಾನ ದರ್ಬಾರಿನಲ್ಲಿ ಬೊಬ್ಬೆ ಹಾಕಿದ. "ಡಿಸ್ಕು ಕಾಯೋಳು ಇವಳು. ಗಡಿಪಾರು ಮಾಡಿ!"

"ಹಳೆಯವನ್ನ ತೆಗೆಯೋಕೆ ಇವರು ಬಿಡಲಿಲ್ಲ ತಾಯಿ," ಅಂದಳು ದ್ಯಾವಕ್ಕ.

"ಎಲ್ಲವನ್ನೂ ದಿನಾ ಬಳಸ್ತೀನಿ. ತೆಗೆದರೆ ಕಂದಾಯವೇ ನಿಂತುಹೋಗುತ್ತೆ!" ಅಂದ ದಿವಾನ.

ರಾಣಿ ಇಬ್ಬರ ಮುಖವನ್ನೂ ನೋಡಿದಳು. "ಅಮಾವಾಸ್ಯೆ ಕಳೀಲಿ, ತೀರ್ಪು ಹೇಳ್ತೀನಿ."

ಅವತ್ತೇ ದ್ಯಾವಕ್ಕನನ್ನು ಒಳಗೆ ಕರೆದು, ಹಳೆಯ ಪ್ಯಾಕೇಜುಗಳನ್ನೆಲ್ಲ ಗುಟ್ಟಾಗಿ ಬೇರೆ ಡಿಸ್ಕಿಗೆ ಎತ್ತಿಸಿದಳು. ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. "ಬೇಕಾದವರು ಹುಡುಕಿಕೊಂಡು ಬರಲಿ, ವಾಪಸ್ ಕೊಡೋಣ."

ಕಂದಾಯದವರು ಬರಲಿಲ್ಲ. ಉಗ್ರಾಣದವರು ಬರಲಿಲ್ಲ. ದಿವಾನನೂ ಬರಲಿಲ್ಲ.

ಅಮಾವಾಸ್ಯೆ ಕಳೆಯಿತು. ದರ್ಬಾರು ಸೇರಿತು.

"ದಿವಾನರೇ, ಹಳೆಯವು ಈಗಲೂ ಬಳಕೆಯಲ್ಲಿವೆಯಾ?"

"ಬೆಳಗ್ಗೆ ತಾನೇ ಅವುಗಳಲ್ಲಿ ಕೆಲಸ ಮಾಡಿ ಬಂದೆ ತಾಯಿ!"

ರಾಣಿ ಪೆಟ್ಟಿಗೆ ತೆರೆದಳು. "ಅವು ಅವತ್ತಿನಿಂದ ಇಲ್ಲಿವೆ. ನೀವು ಕೆಲಸ ಮಾಡಿದ್ದು ಯಾವುದರಲ್ಲಿ?"

ದ್ಯಾವಕ್ಕನಿಗೆ ದಿವಾನ ಕೇಳಿದ್ದ ಗಡಿಪಾರು ಅವನಿಗೇ ಆಯಿತು. "ಶಾಲು ಹೊದಿಸಿದವಳು ನಾನು," ಅಂದಳು ರಾಣಿ. ಪೂಜೆಯಾದದ್ದಾದರೂ ಬೇಡದ್ದನ್ನು ಅಳಿಸಲು ಅಪ್ಪಣೆ ಕೊಟ್ಟಳು.

ದ್ಯಾವಕ್ಕ ಬೇಡದ್ದನ್ನೆಲ್ಲ ಅಳಿಸಿದಳು. ಮುಂದಿನ ಮಳೆಗಾಲ ಕಾವಲುಗಾರ ಬರೆದ ಮಾತು ಕಣ್ಣು ಮಿಟುಕಿಸುವುದರೊಳಗೆ ಡಿಸ್ಕಿನಲ್ಲಿ ಕೂತಿತು. ಹೊಳೆಗೇರಿಯಲ್ಲಿ ಅದನ್ನು ಓದುವವರು ಇರಲಿಲ್ಲ.

ನೀತಿ ಇಷ್ಟೇ ಮಕ್ಕಳೇ. ಬೇಡದ್ದನ್ನು ಬಿಡದವನು ಬೇಕಾದದ್ದಕ್ಕೆ ಜಾಗ ಕೊಡಲಾರ. ಬಿಡುವುದಾದರೆ ನೀರು ಬರುವ ಮೊದಲೇ ಬಿಡಬೇಕು.