ಬಾಗಿದ ಬೆನ್ನು ಮತ್ತು ಮಠದ ಬಾವಿ

ಕಗ್ಗಲ್ಲಹಟ್ಟಿ ಎಂಬ ಸಣ್ಣ ಪಟ್ಟಣದ ಅಂಚಿಗೆ, ಹೆಂಚು ಜಾರಿದ ಮಠವೊಂದರಲ್ಲಿ ಪೂಜ್ಯ ಮರಿದೇವ ಅಜ್ಜನವರು ವಾಸವಾಗಿದ್ದರು. ಒಂದು ಚಾಪೆ, ಒಂದು ಕಂಬಳಿ, ಅಂಗಳದಲ್ಲೊಂದು ಬಾವಿ, ಇಷ್ಟೇ ಅವರ ಸಂಸಾರ. ಬೆನ್ನು ಬಾಗಿ ಬಾಗಿ ಅವರ ಮುಖ ನೆಲಕ್ಕೇ ತಿರುಗಿತ್ತು. “ನೋಡ್ರಿ, ಎಂಥಾ ವಿನಯ! ತಪಸ್ಸು ಅಂದ್ರ ಇದು!” ಎಂದು ಭಕ್ತರು ಕೈ ಮುಗಿಯುತ್ತಿದ್ದರು.

ಬಾವಿಯ ನೀರೇ ಊರಿಗೆ ತೀರ್ಥ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತಿತ್ತು. ಅದಕ್ಕೆ ಜನ ಇಟ್ಟ ಹೆಸರು ‘ಅಜ್ಜನ ಮುದ್ರೆ’. ಹೆಣ್ಣು ನೋಡಲು ಹೋದವರು ಹುಡುಗಿಯನ್ನು ನಗಿಸಿ, ಮುದ್ರೆ ಇದೆಯೋ ಇಲ್ಲವೋ ಎಂದು ಇಣುಕುತ್ತಿದ್ದರಂತೆ. ಭಕ್ತಿ ತಲೆಗೇರಿದರೆ ಹೀಗೂ ಆಗುತ್ತದೆ, ಏನು ಹೇಳೋಣ!

ನೀರು ಪರೀಕ್ಷಿಸುವ ಕೆಲಸಕ್ಕೆಂದು ಆ ಊರಿಗೆ ಬಂದವಳು ದಾಕ್ಷಾಯಣಿ. ಮಠ, ಸ್ವಾಮಿ ಎಂದರೆ ಆಕೆಗೆ ಅಷ್ಟಕ್ಕಷ್ಟೆ. ಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ, ಮೊದಲು ಹಲ್ಲು ಕೆಡುತ್ತದೆ, ಆಮೇಲೆ ಎಲುಬು ಎಂದು ಮನೆಮನೆಗೆ ಹೋಗಿ ಹೇಳಿದಳು. ಊರು ಉರಿದುಬಿತ್ತು. ಪಕ್ಕದ ಮನೆಯವರು ಆಕೆಯನ್ನು ಕಂಡೊಡನೆ ಬಾಗಿಲು ಹಾಕಿಕೊಂಡರು. ಅಂಗಡಿಯಾತ ಮಾತಿಲ್ಲದೆ ಸಾಮಾನು ತಳ್ಳಿದ. ಸಂಜೆಯಾದರೆ ಮನುಷ್ಯರ ದನಿ ಕೇಳಲೆಂದು ರೇಡಿಯೊ ಹಚ್ಚಿ ಕೂರುತ್ತಿದ್ದಳು, ಪಾಪ. ವರ್ಗ ಮಾಡಿಸಿಕೊಂಡು ಹೋಗಿಬಿಡೋಣ ಎನಿಸುತ್ತಿತ್ತು. ಆದರೆ ಮಕ್ಕಳು ಇನ್ನೂ ಅದೇ ನೀರು ಕುಡಿಯುತ್ತಿದ್ದವಲ್ಲ!

ಒಂದು ಸೋಮವಾರ ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಮಠಕ್ಕೇ ಬಂದಳು. ಕುಡಿಯಬಾರದ ನೀರಿಗೆ ಹಾಕುವ ಗುರುತು ಆ ಕೆಂಪು ಬಣ್ಣ. ಮಠದ ಹಿರಿಯ ಭಕ್ತ ರುದ್ರಗೌಡರು ಅಡ್ಡ ನಿಂತರು.

“ಏನವಾ, ಅಜ್ಜಾರ ತೀರ್ಥಕ್ಕ ಬಣ್ಣ ಬಳೀತೀಯೇನು? ಎಷ್ಟು ಸೊಕ್ಕು ನಿನಗ!”

ಗದ್ದಲ ಕೇಳಿ ಅಜ್ಜನವರು ಹೊರಗೆ ಬಂದರು. ತಡೆದಿಟ್ಟುಕೊಂಡಿದ್ದ ಸಂಕಟವೆಲ್ಲ ಆಕೆಯ ಬಾಯಿಗೆ ಬಂತು. “ಬುದ್ಧೀ, ನಿಮ್ಮ ಬೆನ್ನು ತಪಸ್ಸಿನಿಂದ ಬಾಗಿಲ್ರೀ. ಈ ನೀರಿನಿಂದ ಬಾಗೇದ.”

ಭಕ್ತರು ಹೌಹಾರಿದರು. ಅಜ್ಜನವರು ಮಾತ್ರ ಮೆಲ್ಲಗೆ ಕೇಳಿದರು, “ಹುಡುಗರ ಬೆನ್ನೂ ಹಿಂಗ ಆಗ್ತದೇನು, ತಾಯಿ?”

“ಕುಡೀತಾ ಹೋದ್ರ ಆಗ್ತದ್ರಿ.”

ಅಜ್ಜನವರು ಕುಂಚಕ್ಕೆ ಕೈ ಚಾಚಿದರು. ಬಾವಿಯ ಕಟ್ಟೆಗೆ ತಾವೇ ಬಣ್ಣ ಬಳಿದರು. “ಹುಡುಗರ ಹಲ್ಲಿನ ಮ್ಯಾಗಿಂದು ಮುದ್ರೆ ಅಲ್ಲ, ಬ್ಯಾನಿ. ನನ್ನ ಬೆನ್ನೂ ಬ್ಯಾನೀನ. ಇನ್ನ ಯಾರೂ ಕುಡೀಬ್ಯಾಡ್ರಿ.”

ಅಜ್ಜನವರ ಮಾತು ಮೀರಲು ಯಾರಿಗೂ ಧೈರ್ಯವಾಗಲಿಲ್ಲ. ಅಂದಿನಿಂದ ಆ ನೀರು ಒಂದು ಮಗುವಿನ ಬಾಯಿಗೂ ಹೋಗಲಿಲ್ಲ. ಆದರೆ ತೀರ್ಥವಿಲ್ಲದ, ಮಹಿಮೆಯಿಲ್ಲದ ಸ್ವಾಮಿ ಯಾರಿಗೆ ಬೇಕು? ಮುಂದಿನ ಸೋಮವಾರ ಮಠಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ಬಂದವಳು ದಾಕ್ಷಾಯಣಿ ಒಬ್ಬಳೇ, ಸೊಂಟದ ಮೇಲೆ ಒಳ್ಳೆಯ ನೀರಿನ ಕೊಡ ಹೊತ್ತು. ಖಾಲಿ ಅಂಗಳ ಕಂಡು ಕೊಡ ಕೆಳಗಿಳಿಸಿದಳು. “ನನ್ನಿಂದ ನೀವೂ ಒಬ್ಬರೇ ಆದ್ರಿ, ಬುದ್ಧೀ.”

“ಗೊತ್ತಿದ್ದೇ ಬಳದೀನಿ, ತಾಯಿ” ಎಂದರು ಅಜ್ಜನವರು. “ಬಾಯಾರೇದ. ನೀರು ಹಾಕು.”

ಎರಡೂ ಕೈ ಬೊಗಸೆ ಮಾಡಿ ನೀರು ಕುಡಿದರು. ದಾಕ್ಷಾಯಣಿ ಜೀವನದಲ್ಲಿ ಮೊದಲ ಸಲ ಒಬ್ಬ ಸ್ವಾಮಿಗಳ ಪಾದ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಆಕೆ ವರ್ಗದ ಮಾತೆತ್ತಲಿಲ್ಲ. ಅಜ್ಜನವರು ಲಿಂಗೈಕ್ಯರಾಗುವವರೆಗೂ ಆ ಮಠಕ್ಕೆ ದಿನವೂ ನೀರು ಹೊತ್ತಳು.