ನೆಲಗುಬ್ಬಿ ಹಾಡುತ್ತಾ ಏರಿ ಸುಮ್ಮನಾಗಿ ಇಳಿಯುವುದೇಕೆ

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ ಅದು, ಕಂದ. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹಕ್ಕಿಗಳೆಲ್ಲ ತಮತಮಗೆ ಬೇಕಾದ ಜಾಗ ಆರಿಸಿಕೊಳ್ಳುತ್ತಿದ್ದವು. ಗಿಣಿ ಮರದ ಪೊಟರೆ ಹಿಡಿಯಿತು. ಗೀಜಗ ಜಾಲಿಯ ಕೊಂಬೆಗೆ ಜೋತುಬಿತ್ತು. ನೆಲಗುಬ್ಬಿಗೆ ಮಾತ್ರ ಎತ್ತರವೆಂದರೆ ಭಯ. ಅದು ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ, ದನದ ಗೊರಸಿನ ಗುಳಿಯಷ್ಟು ಜಾಗ ನೋಡಿಕೊಂಡು ಗೂಡು ಮಾಡಿತು.

ಆಗ ಅದಕ್ಕೆ ಹಾಡು ಬರುತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಪಾಠ. ಭಯವಾದರೆ ನೆಲಕ್ಕೆ ಅಂಟಿಕೊ, ಅಲುಗಬೇಡ. ಮಣ್ಣಿನ ಬಣ್ಣದ ಹಕ್ಕಿ ಅಲುಗದಿದ್ದರೆ ಮಣ್ಣೇ ಅಲ್ಲವೇ? ಗಿಡುಗ ಮೇಲೆ ಸುತ್ತಿ ಹೋಗುತ್ತಿತ್ತು. ನರಿ ಪಕ್ಕದಲ್ಲೇ ನಡೆದು ಹೋಗುತ್ತಿತ್ತು. ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

ತಾಯಿ ಅದೇ ಪಾಠವನ್ನು ಮರಿಗಳಿಗೂ ಹೇಳಿತು. "ಅಲುಗಬೇಡಿ, ಮಕ್ಕಳೇ. ಏನೇ ಬರಲಿ, ಅಲುಗಬೇಡಿ."

ಆಮೇಲೆ ಮನುಷ್ಯರು ಗುಡ್ಡ ಹತ್ತಿ ಬಂದರು. ಮಾಳವ್ವ ಎಂಬ ಹೆಂಗಸು, ಅವಳ ಮಾವ ಬೊಮ್ಮಯ್ಯ, ಜೊತೆಗೆ ಮನೆಮಂದಿ. ಹುಲ್ಲುಗಾವಲಿನ ಅಂಚನ್ನು ಉತ್ತು ರಾಗಿ ಬಿತ್ತಿದರು. ಪೈರಿನ ಬುಡ ತಂಪಾಗಿತ್ತು. ನೆಲಗುಬ್ಬಿ ಆ ಸಲ ರಾಗಿಯ ನಡುವೆಯೇ ಗೂಡು ಮಾಡಿತು.

ತೆನೆ ಬಲಿಯಿತು. ಕೊಯ್ಲು ಎಂಬುದು ಲೋಕಕ್ಕೇ ಹೊಸದು. ಬೇಗ ಮುಗಿಯಲಿ ಎಂದು ಬೊಮ್ಮಯ್ಯ ತನ್ನವರನ್ನು ಹೊಲದ ನಾಲ್ಕೂ ಕಡೆಯ ಬದುಗಳಲ್ಲಿ ನಿಲ್ಲಿಸಿದ. ಎಲ್ಲರೂ ಅಂಚಿನಿಂದ ಕೊಯ್ಯುತ್ತಾ ನಡುವಿಗೆ ಬಂದರು. ಕುಡುಗೋಲಿನ ಸದ್ದು ಸುತ್ತಲಿಂದಲೂ ಹತ್ತಿರವಾಯಿತು. ರೆಕ್ಕೆ ಬಲಿಯದ ಮರಿಗಳು ತಾಯಿಯ ಮುಖ ನೋಡಿದವು.

"ಅಲುಗಬೇಡಿ," ಎಂದಿತು ತಾಯಿ.

ಗಿಡುಗಕ್ಕೆ ಕಣ್ಣಿದೆ, ನರಿಗೆ ಕಣ್ಣಿದೆ, ಕಣ್ಣನ್ನು ವಂಚಿಸಬಹುದು. ಕುಡುಗೋಲಿಗೆ ಏನಿದೆ ಹೇಳು? ಅದು ತನ್ನ ಪಾಡಿಗೆ ಬಂತು. ಗೂಡಿನ ಅಂಚಿನಲ್ಲಿದ್ದ ಮರಿ ಸತ್ತುಹೋಯಿತು.

ಅದು ಮಾಳವ್ವನ ಕುಡುಗೋಲು. ಅದರ ಮೇಲೆ ರಕ್ತ ಕಂಡು ಅವಳು ಅಲ್ಲೇ ಕುಸಿದು ಕೂತಳು.

"ನಂಗ್ ಕಾಣ್ಲಿಲ್ಲ ಕಣವ್ವ," ಎಂದಳು ತಾಯಿ ಹಕ್ಕಿಗೆ. "ಓಡಿದ್ರೆ ಕಾಣ್ತಿತ್ತು. ಯಾಕ್ ಓಡ್ಲಿಲ್ಲ ಅದು?"

"ನಾನು ಅಲುಗಬೇಡ ಅಂದಿದ್ದೆ," ಎಂದಿತು ನೆಲಗುಬ್ಬಿ. "ಅದು ನನ್ನ ಮಾತು ಕೇಳಿತು."

ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಿಕ್ಕವು ಎಲ್ಲವ್ವಾ?"

"ಇದೇ ಪೈರಿನೊಳಗೆ, ನೆಲಕ್ಕೆ ಅಂಟಿ ಕೂತಿವೆ. ಸುತ್ತಲೂ ನೀವೇ ಇದ್ದೀರಿ."

ಮಾಳವ್ವ ಎದ್ದು ನಿಂತಳು. "ಮಾವಯ್ಯ, ಎಲ್ರಿಗೂ ಕೈ ನಿಲ್ಸಕ್ಕೆ ಹೇಳಿ. ಹುಲ್ಲಿನ್ ಕಡೆ ಇರೋರು ಈಚೆ ಬರ್ಲಿ."

ಬೊಮ್ಮಯ್ಯ ಗೊಣಗಿದ. "ಮೋಡ ಕಟ್ತಾ ಐತೆ. ರಾಗಿ ನೆಂದ್ರೆ ವರ್ಷೆಲ್ಲಾ ಏನ್ ತಿನ್ನಾದು?"

ಅವಳು ಕುಡುಗೋಲನ್ನು ಮುಂದೆ ಚಾಚಿದಳು. ಮುದುಕ ಅದನ್ನು ನೋಡಿದ. ತಾನೇ ನಡೆದುಹೋಗಿ ಹುಲ್ಲಿನ ಕಡೆಯವರನ್ನು ಈಚೆಗೆ ಕರೆತಂದ.

ದಾರಿಯೇನೋ ತೆರೆಯಿತು. ಆದರೆ ಅದು ಯಾವ ಕಡೆ ಎಂದು ಮರಿಗಳಿಗೆ ತಿಳಿಯಬೇಕಲ್ಲ? ರಾಗಿ ಪೈರು ಅವುಗಳ ಪಾಲಿಗೆ ಕಾಡು. ತಾಯಿಗೂ ಪೈರಿನಾಚೆ ಏನೂ ಕಾಣದು. ಅದು ಅತ್ತುಬಿಟ್ಟಿತು.

ಅಲ್ಲೇ ಸುಳಿಯುತ್ತಿದ್ದ ಗಾಳಿ ಹೇಳಿತು, "ನೆಲದಲ್ಲೇ ಕೂತರೆ ಹೇಗೆ ಕಂಡೀತು? ನನ್ನ ಹೆಗಲೇರು."

"ಮೇಲೆ ಗಿಡುಗ ಇದೆ."

"ಇದೆ," ಎಂದಿತು ಗಾಳಿ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅದರ ಜಾಯಮಾನವಲ್ಲ.

ನೆಲಗುಬ್ಬಿ ಮರಿಗಳ ಬಳಿ ಹೋಗಿ ಹಳೆಯ ಪಾಠವನ್ನು ಬದಲಿಸಿತು. "ನನ್ನ ದನಿ ಎಲ್ಲಿಂದ ಬರುತ್ತದೋ ಆ ಕಡೆ ನಡೆಯಿರಿ. ದನಿ ಕೇಳುವಷ್ಟು ಹೊತ್ತೂ ನಡೆಯಿರಿ. ದನಿ ನಿಂತರೆ ನೀವೂ ನಿಂತುಬಿಡಿ."

ಹೇಳಿ, ಪೈರಿನ ಮೇಲಕ್ಕೆ ಹಾರಿ ಹುಲ್ಲಿನ ಅಂಚನ್ನು ಕಂಡುಕೊಂಡು, ಅಲ್ಲಿಗೆ ಹೋಗಿ, ಅಲ್ಲಿಂದ ನೇರವಾಗಿ ಮೇಲೇರಿತು. ಗಾಳಿ ಎತ್ತಿದಷ್ಟೂ ಏರಿತು. ಹಿಂದೆಂದೂ ಇಲ್ಲದ ದನಿ ಗಂಟಲಿಗೆ ಬಂತು. ಭಯಕ್ಕೆ ಆ ದನಿ ನಡುಗುತ್ತಿತ್ತು, ನಡುಗಿ ನಡುಗಿಯೇ ಅದು ಹಾಡಾಯಿತು.

ದೂರದಲ್ಲಿ ಗಿಡುಗ ತಿರುಗಿ ನೋಡಿತು. ನೆಲಗುಬ್ಬಿಗೂ ಗಿಡುಗ ಕಂಡಿತು. ಹಾಡು ನಿಲ್ಲಲಿಲ್ಲ.

ಕೆಳಗೆ ಪೈರಿನ ಸಾಲುಗಳ ನಡುವೆ ಮರಿಗಳು ಬಿದ್ದೆದ್ದು ನಡೆದವು. ಜನ ಕುಡುಗೋಲು ಕೆಳಗಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದರು. ಗಿಡುಗ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಕೊನೆಯ ಮರಿ ಹುಲ್ಲಿನೊಳಗೆ ಮರೆಯಾಯಿತು.

ಆಗ ಹಾಡು ನಿಂತಿತು. ನೆಲಗುಬ್ಬಿ ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬಿತ್ತು. ಗಿಡುಗದ ಉಗುರಿಗೆ ಏನೂ ಸಿಗಲಿಲ್ಲ. ಮರಿಗಳ ಗುಟ್ಟು ಗಿಡುಗಕ್ಕೆ ತಿಳಿಯದಿರಲೆಂದು ತಾಯಿ ಅವುಗಳಿಂದ ದೂರವೇ ಇಳಿದು, ಹುಲ್ಲಿನ ಬುಡದಲ್ಲಿ ನಡೆದುಕೊಂಡು ಹೋಗಿ ಅವುಗಳನ್ನು ಸೇರಿತು.

ಸತ್ತ ಮರಿಯನ್ನು ಮಾಳವ್ವ ಬದುವಿನಲ್ಲಿ ಮಣ್ಣು ಮಾಡಿದಳು. ಮಳೆ ಬಂತು, ಒಂದಿಷ್ಟು ರಾಗಿ ನೆನೆಯಿತು. ಬೊಮ್ಮಯ್ಯ ಅದರ ಮಾತೆತ್ತಲಿಲ್ಲ. ಮುಂದಿನ ಕೊಯ್ಲಿನಿಂದ ಆ ಮನೆಯವರು ಒಂದೇ ಕಡೆಯಿಂದ ಕೊಯ್ಯತೊಡಗಿದರು, ಹುಲ್ಲಿನ ಕಡೆ ಯಾರೂ ನಿಲ್ಲುತ್ತಿರಲಿಲ್ಲ.

ನೆಲಗುಬ್ಬಿ ಖುಷಿಗೆ ಹಾಡುತ್ತದೆ ಅನ್ನುವವರಿದ್ದಾರೆ. ಅನ್ನಲಿ ಬಿಡು. ನೀನು ಮಾತ್ರ, ಗುಡ್ಡದ ಹೊಲದಂಚಿನಲ್ಲಿ ಅದು ಹಾಡುತ್ತಾ ಏರಿ ಫಕ್ಕನೆ ಸುಮ್ಮನಾಗಿ ಕೆಳಗೆ ಬೀಳುವುದನ್ನು ಕಂಡರೆ, ಮುಂದೆ ಹೆಜ್ಜೆಯಿಡುವ ಮೊದಲು ನೆಲ ನೋಡು. ನಿನ್ನ ಕಾಲ ಬಳಿಯೇ ಎಲ್ಲೋ ಒಂದು ಮರಿ ತಾಯಿಯ ಮಾತು ಕೇಳಿ ಅಲುಗದೆ ಕೂತಿರುತ್ತದೆ.