ಕುಂಕುಮ ಹಚ್ಚಿಕೊಂಡು ಬಂದ ಅತಿಥಿ

ಕಂಪ್ಯೂಟರಿನ ಕೀಲಿಮಣೆಯಮ್ಮನದು ಹೆಸರುವಾಸಿ ಮನೆತನ. ಅವಳ ಅಜ್ಜಿ, ಅಂದರೆ ಹಳೆಯ ಟೈಪ್‌ರೈಟರ್, ಜಿಲ್ಲಾ ಕಚೇರಿಯಲ್ಲಿ ಮೂವತ್ತು ವರ್ಷ ಗೋಪ್ಯ ಪತ್ರಗಳನ್ನು ಬರೆದವಳು. ಅವಳಿಂದ ಒಂದಕ್ಷರವೂ ಆಚೆ ಹೋಗಿರಲಿಲ್ಲ. ಆ ಮಾನ ಈಗ ಮೊಮ್ಮಗಳ ಕೈಯಲ್ಲಿತ್ತು.

ಒಂದು ದಿನ ಕಂಪ್ಯೂಟರಿನ ಬಾಗಿಲಿಗೆ ಲಗ್ನಪತ್ರಿಕೆಯೊಂದು ಬಂದಿತು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿತ್ತು. "ತಾವು ಎಂಟರ್ ಒತ್ತಿ ನನ್ನನ್ನು ಒಳಗೆ ಕರೆಯಬೇಕು, ತಾಯಿ," ಎಂದಿತು.

ಕಾವಲಿಗಿದ್ದ ಆಂಟಿವೈರಸ್ ಅಡ್ಡ ಬಂದಿತು. "ಬೇಡಿ, ಅಮ್ಮ. ಪತ್ರಿಕೆಯಾದರೆ ಇಟ್ಟಲ್ಲಿ ಬಿದ್ದಿರುತ್ತದೆ. ಇದಕ್ಕೆ ಕಾಲುಗಳಿವೆ, ಒಳಗೆ ಬಂದರೆ ತಾನೇ ಓಡಾಡುತ್ತದೆ."

"ಕುಂಕುಮ ಹಚ್ಚಿಕೊಂಡು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ವಂಶ ನಮ್ಮದಲ್ಲ. ಪಕ್ಕಕ್ಕೆ ಸರಿ!" ಎಂದು ಅವಳು ಎಂಟರ್ ಒತ್ತಿದಳು.

ಅತಿಥಿ ಒಳಗೆ ಬಂದು ಅವಳ ಬೆನ್ನ ಹಿಂದೆಯೇ ಕೂತು, ಅವಳು ಒತ್ತಿದ ಪ್ರತಿ ಅಕ್ಷರವನ್ನೂ ನಕಲು ಮಾಡಿ ಹೊರಗೆ ಕಳಿಸತೊಡಗಿತು. ಬ್ಯಾಂಕಿನ ಪಾಸ್‌ವರ್ಡೂ ಹೋಯಿತು. ಅವಳು ಗಾಬರಿಯಿಂದ ಹೊಸ ಪಾಸ್‌ವರ್ಡ್ ಒತ್ತಿದಳು, ಅದೂ ಹೋಯಿತು.

"ಮೊದಲು ಕಳ್ಳನನ್ನು ಹೊರಗೆ ಹಾಕೋಣ, ಅಮ್ಮ. ಬೀಗ ಬದಲಿಸುವುದು ಆಮೇಲೆ," ಎಂದು ಆಂಟಿವೈರಸ್ ಇಂಟರ್ನೆಟ್ ಸಂಪರ್ಕ ಕಡಿದು, ಮೂಲೆಮೂಲೆಯನ್ನೂ ಜಾಲಾಡಿ, ಪತ್ರಿಕೆಯನ್ನೂ ಅದು ಬಚ್ಚಿಟ್ಟಿದ್ದ ಮರಿಗಳನ್ನೂ ಅಳಿಸಿ ಹಾಕಿತು.

ಸಂಪರ್ಕ ಮತ್ತೆ ಬಂದ ಮೇಲೆ ಕೀಲಿಮಣೆಯಮ್ಮ ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕಾವಲುಗಾರನ ಕಡೆ ತಿರುಗಿದಳು.

"ಮನೆಗೆ ಬಂದ ಅತಿಥಿಯ ಎದುರಿಗೇ ನೀನು ನನಗೆ ಬುದ್ಧಿ ಹೇಳಿದೆ. ನಮ್ಮ ಅಜ್ಜಿಯ ಕಾಲದಿಂದಲೂ ನಮಗೆ ಇಂಥ ಅವಮಾನ ಆಗಿರಲಿಲ್ಲ. ಕ್ಷಮೆ ಕೇಳು."